ಸವಳು ನೀರಿನ ಊರಲ್ಲಿ ಗೀಸರ್, ಬಂಬ, ಸೋಲಾರ್: ಬಿಸಿನೀರಿನ ಖರ್ಚು ಇಳಿಸುವ ಆರೈಕೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಬೋರ್‌ನೀರು ತುಂಬಿಸಿಕೊಳ್ಳುವ ಗೀಸರನ್ನು ಬಿಚ್ಚಿ ನೋಡಿದರೆ ಒಳಗಿನ ಕಾಯಿಲ್ ಕಾಣುವುದೇ ಕಷ್ಟ. ಅದರ ಮೇಲೆ ಬಿಳಿ-ಕಂದು ಬಣ್ಣದ ಸುಣ್ಣದ ಪದರು ಗಟ್ಟಿಯಾಗಿ ಕೂತಿರುತ್ತದೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ನೆಲದಡಿ ಇರುವುದೇ ಸುಣ್ಣದಕಲ್ಲು. ಉಳಿದ ಕಡೆ ಹೆಚ್ಚಾಗಿ ಗಟ್ಟಿ ಬಂಡೆಯ ಬಿರುಕುಗಳಲ್ಲಿ ನಿಂತ ನೀರು. ಎರಡರಲ್ಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಕೊಂಡೇ ಮೇಲೆ ಬರುತ್ತವೆ. ನೀರು ಬಿಸಿಯಾದಾಗ ಈ ಸುಣ್ಣಕ್ಕೆ ಕರಗಿ ಉಳಿಯಲಾಗದು, ಅತಿ ಬಿಸಿ ಇರುವ ಜಾಗಕ್ಕೇ ಹೋಗಿ ಅಂಟುತ್ತದೆ. 60 ಡಿಗ್ರಿ ದಾಟಿದ ಮೇಲೆ ಅಂಟುವ ವೇಗ ಬಹಳ ಹೆಚ್ಚು.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ, ಅಂದರೆ ಕರಗಿದ ಈ ಸುಣ್ಣದಂಶ, ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಸಹಿಸಬಹುದು. 300 ಇರುವ ನೀರನ್ನೇ ಲೆಕ್ಕಕ್ಕೆ ಹಿಡಿದರೂ ಪ್ರತಿ 100 ಲೀಟರಿನಲ್ಲಿ 30 ಗ್ರಾಂ ಸುಣ್ಣದಂಶ ಗೀಸರ್ ಒಳಗೆ ಹೋಗಿಬರುತ್ತದೆ. ಎಲ್ಲವೂ ಅಲ್ಲೇ ಉಳಿಯುವುದಿಲ್ಲ, ಆದರೆ ವರ್ಷವಿಡೀ ಸ್ವಲ್ಪಸ್ವಲ್ಪವೇ ಉಳಿದರೂ ಕಾಯಿಲ್ ಮುಚ್ಚಲು ಸಾಕು. ಟಿಡಿಎಸ್ ಮೀಟರ್ ಅದ್ದಿ ನೋಡಿ ಗಡಸುತನ ತಿಳಿಯಿತು ಅಂದುಕೊಳ್ಳಬೇಡಿ. ಅದು ಅಡುಗೆ ಉಪ್ಪನ್ನೂ ಸುಣ್ಣವನ್ನೂ ಒಂದೇ ಲೆಕ್ಕದಲ್ಲಿ ಎಣಿಸುತ್ತದೆ. ಒಂದು ಲೀಟರ್ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ ಆರಲು ಬಿಡಿ. ತಳದಲ್ಲಿ ಬಿಳಿ ಪುಡಿ ಕೂತರೆ ಅದೇ ನಿಮ್ಮ ಗೀಸರಿನಲ್ಲೂ ಕೂರುವ ಸುಣ್ಣ. ಅಂಕಿ ಬೇಕೆಂದರೆ ಗಡಸುತನದ ಪರೀಕ್ಷಾ ಪಟ್ಟಿ ಕೊಳ್ಳಿ, ಇಲ್ಲವೇ ನೀರು ಪರೀಕ್ಷಾ ಲ್ಯಾಬ್‌ಗೆ ಒಂದು ಬಾಟಲಿ ಕೊಡಿ.

ಸುಣ್ಣ ಯಾರ ಜೇಬಿಗೆ ಹೇಗೆ ಕೈ ಹಾಕುತ್ತದೆ

ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ಲು ದುಪ್ಪಟ್ಟಾಗುತ್ತದೆ ಎಂದು ಸರ್ವೀಸ್‌ಗೆ ಬಂದವರು ಹೇಳುವುದುಂಟು. ಕರೆಂಟ್ ಗೀಸರಿನ ಮಟ್ಟಿಗೆ ಅದು ಅರ್ಧಸತ್ಯ. ಕಾಯಿಲ್ ನೀರಿನೊಳಗೇ ಮುಳುಗಿರುತ್ತದೆ. ಅದು ಹೀರಿದ ಕರೆಂಟೆಲ್ಲ ತಡವಾಗಿಯಾದರೂ ನೀರಿಗೇ ಸೇರಬೇಕು. ಆದರೆ ಸುಣ್ಣದ ಪದರು ತಾಮ್ರಕ್ಕಿಂತ ನೂರಾರು ಪಟ್ಟು ಕಡಿಮೆ ಶಾಖ ದಾಟಿಸುವುದರಿಂದ ಕಾಯಿಲ್ ತಾನೇ ಅತಿಯಾಗಿ ಕಾಯುತ್ತದೆ. ಪಕ್ಕದ ಥರ್ಮೋಸ್ಟ್ಯಾಟ್ ನೀರು ಕಾಯುವ ಮೊದಲೇ ಕರೆಂಟ್ ಕಡಿಯುತ್ತದೆ, ಮತ್ತೆ ಕೊಡುತ್ತದೆ, ಮತ್ತೆ ಕಡಿಯುತ್ತದೆ. ಬಕೆಟ್ಟಿಗೆ ಬಿಸಿನೀರು ಸಾಲುವುದಿಲ್ಲ, ಮನೆಯವರು ಗೀಸರನ್ನು ತಾಸುಗಟ್ಟಲೆ ಆನ್ ಇಡುತ್ತಾರೆ, ಹೊರಮೈಯಿಂದ ಶಾಖ ಸೋರುತ್ತದೆ. ಕೊನೆಗೊಂದು ದಿನ ಕಾಯಿಲ್ ಸೀಳಿ ಹೊಸದಕ್ಕೆ ದುಡ್ಡು ಹೋಗುತ್ತದೆ. ಇಲ್ಲಿ ನಷ್ಟ ಯೂನಿಟ್ಟಿಗಿಂತ ರಿಪೇರಿಯಲ್ಲೇ ಹೆಚ್ಚು.

ಗ್ಯಾಸ್ ಗೀಸರ್ ಮತ್ತು ಕಟ್ಟಿಗೆಯ ಬಂಬದ ಕಥೆ ಪೂರಾ ಬೇರೆ. ಅಲ್ಲಿ ಬೆಂಕಿ ಒಂದು ಕಡೆ, ನೀರು ಇನ್ನೊಂದು ಕಡೆ, ನಡುವೆ ತಾಮ್ರದ ಗೋಡೆ. ಗೋಡೆಯ ಮೇಲೆ ಒಳಗೆ ಸುಣ್ಣ, ಹೊರಗೆ ಮಸಿ ಕಟ್ಟಿದರೆ ನೀರಿಗೆ ಸೇರದ ಶಾಖ ನೇರವಾಗಿ ಹೊಗೆಯ ಜೊತೆ ಆಕಾಶಕ್ಕೆ ಹೋಗುತ್ತದೆ. ಇಂಧನ ನಿಜವಾಗಿ ಪೋಲಾಗುವುದು ಇಲ್ಲಿ. ಸೋಲಾರಿನಲ್ಲಿ ಕೊಳವೆ ಕಟ್ಟಿಕೊಂಡು ನೀರು ಕಾಯುವುದು ಕಡಿಮೆಯಾದಂತೆ ಮನೆಯವರು ಬ್ಯಾಕಪ್ ಕಾಯಿಲ್ ಸ್ವಿಚ್ ಒತ್ತತೊಡಗುತ್ತಾರೆ. ಬಿಸಿಲು ಪುಕ್ಕಟೆ ಇದ್ದೂ ಬಿಲ್ಲು ಏರುವುದು ಹಾಗೆ.

ಒಂದಿಷ್ಟು ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. ಒಂದು ಯೂನಿಟ್ ಅಂದರೆ 3600 ಕಿಲೋಜೂಲ್. ನಾಲ್ಕು ಜನರ ಮನೆಯಲ್ಲಿ ಒಬ್ಬೊಬ್ಬರಿಗೆ 20 ಲೀಟರಿನ ಬಕೆಟ್, ಜಳಕದ ನೀರು 41 ಡಿಗ್ರಿ, ಚಳಿಗಾಲದ ಟ್ಯಾಂಕ್ ನೀರು 20 ಡಿಗ್ರಿ ಎಂದಿಟ್ಟುಕೊಳ್ಳಿ. 80 ಲೀಟರ್, 21 ಡಿಗ್ರಿ ಏರಿಕೆ: ದಿನಕ್ಕೆ ಹತ್ತಿರಹತ್ತಿರ 2 ಯೂನಿಟ್, ತಿಂಗಳಿಗೆ 60ರ ಆಸುಪಾಸು.

ಗೃಹಜ್ಯೋತಿ ಉಚಿತ ಕರೆಂಟ್ ಯೋಜನೆಯಲ್ಲಿ ಇರುವವರಿಗೆ ಈ 60 ಯೂನಿಟ್ ಬಹಳ ದೊಡ್ಡದು. ಸಾಮಾನ್ಯವಾಗಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ನಿಮ್ಮ ಉಚಿತ ಮಿತಿ ನಿಗದಿಯಾಗಿರುತ್ತದೆ. ಮಿತಿ ದಾಟಿದರೆ ಹೆಚ್ಚುವರಿಗೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಡಿಸೆಂಬರ್-ಜನವರಿಯಲ್ಲಿ 190ರ ಹತ್ತಿರ ಓಡುವ ಮನೆಗೆ ದಿನಕ್ಕೆ ಅರ್ಧ ಯೂನಿಟ್ ಪೋಲು ಅಂದರೆ ತಿಂಗಳಿಗೆ 15 ಯೂನಿಟ್. ಆ ಹದಿನೈದು ಯೂನಿಟ್ಟೇ ಜೆಸ್ಕಾಂ ಬಿಲ್ಲನ್ನು ಸೊನ್ನೆಯಿಂದ ಸಾವಿರದಾಚೆಗೆ ಒಯ್ಯಬಹುದು. ಅರ್ಧ ಯೂನಿಟ್ ಪೋಲಾಗಲು ಬೇಕಾದದ್ದೂ ಅಷ್ಟೇ: 25 ಲೀಟರ್ ಗೀಸರ್ ದಿನವಿಡೀ ಆನ್ ಇದ್ದರೆ ಯಾರೂ ನಳ ತೆರೆಯದಿದ್ದರೂ ನೀರನ್ನು ಬಿಸಿಯಾಗಿ ಕಾಯ್ದುಕೊಳ್ಳಲಿಕ್ಕೇ ಅರ್ಧದಿಂದ ಒಂದು ಯೂನಿಟ್ ತಿನ್ನುತ್ತದೆ. ಗೀಸರ್ ಮೇಲಿನ ನಕ್ಷತ್ರಗಳು ಹೇಳುವುದು ಈ ನಿಂತಲ್ಲೇ ಆಗುವ ನಷ್ಟದ ಬಗ್ಗೆ. ಬಳಸುವಾಗ ಮಾತ್ರ ಆನ್ ಮಾಡುವ ಮನೆಗೆ ಐದು ನಕ್ಷತ್ರಕ್ಕೂ ಮೂರಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ನಿಮ್ಮ ಗೀಸರ್ ಹೇಗಿದೆ ಎಂದು ತಿಳಿಯಲು ಗಡಿಯಾರ ಸಾಕು. ತಣ್ಣೀರು ತುಂಬಿದ ಗೀಸರ್ ಆನ್ ಮಾಡಿ, ಕೆಂಪು ದೀಪ ಆರುವವರೆಗಿನ ಸಮಯ ಬರೆದಿಡಿ. 2000 ವ್ಯಾಟ್ ಕಾಯಿಲ್ 25 ಡಿಗ್ರಿ ನೀರನ್ನು 55ಕ್ಕೆ ಏರಿಸಲು 15 ಲೀಟರ್ ಗೀಸರಿನಲ್ಲಿ ಸುಮಾರು 16 ನಿಮಿಷ, 25 ಲೀಟರಿನಲ್ಲಿ ಸುಮಾರು 26 ನಿಮಿಷ ತೆಗೆದುಕೊಳ್ಳಬೇಕು. ಐದಾರು ನಿಮಿಷಕ್ಕೇ ದೀಪ ಆರಿ ನೀರು ಬರೀ ಉಗುರುಬೆಚ್ಚಗಿದ್ದರೆ ಥರ್ಮೋಸ್ಟ್ಯಾಟ್ ಸುತ್ತ ಸುಣ್ಣ ಕಟ್ಟಿದೆ ಅಥವಾ ಥರ್ಮೋಸ್ಟ್ಯಾಟೇ ಹೋಗಿದೆ. ಸಮಯ ಬಹಳ ಹೆಚ್ಚಾಗಿದ್ದರೆ ಕಾಯಿಲ್ ಮೇಲೆ ಹಾಯುವ ಮೊದಲು ವೋಲ್ಟೇಜ್ ನೋಡಿ. ಹಳ್ಳಿಗಳಲ್ಲಿ ಬೆಳಗಿನ ಹೊತ್ತು 180 ವೋಲ್ಟ್‌ಗೆ ಇಳಿದರೆ 2000 ವ್ಯಾಟ್‌ನ ಕಾಯಿಲ್ 1225 ವ್ಯಾಟ್ ಮಾತ್ರ ಕೊಡುತ್ತದೆ. ಗೀಸರಿಗೆ ಏನೂ ಆಗಿರುವುದಿಲ್ಲ, ಯೂನಿಟ್ಟೂ ಅಷ್ಟೇನೂ ಹೆಚ್ಚು ಹೋಗುವುದಿಲ್ಲ, ಕಾಯುವುದು ತಡ ಅಷ್ಟೇ. ಇದಕ್ಕಾಗಿ ಹೊಸ ಕಾಯಿಲ್ ಹಾಕಿಸಿಕೊಂಡವರು ಕಡಿಮೆ ಇಲ್ಲ.

ಮೀಟರಿನ ಕೆಂಪು ಮಿಣುಕಿನಿಂದಲೂ ಪರೀಕ್ಷಿಸಬಹುದು. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಮೀಟರ್ ಮೇಲೆ ಬರೆದಿರುತ್ತದೆ, 1600 ಅಥವಾ 3200 ಹೀಗೆ. ಮನೆಯ ಉಳಿದೆಲ್ಲ ಬಂದ್ ಮಾಡಿ ಗೀಸರ್ ಒಂದೇ ಓಡುವಾಗ 1600ರ ಮೀಟರ್ ನಿಮಿಷಕ್ಕೆ 53 ಸಲ ಮಿಣುಕಿದರೆ ಕಾಯಿಲ್ ಪೂರಾ 2000 ವ್ಯಾಟ್ ಎಳೆಯುತ್ತಿದೆ ಎಂದರ್ಥ. 3200ರ ಮೀಟರಿನಲ್ಲಿ ಅರ್ಧ ನಿಮಿಷಕ್ಕೆ 53.

ಗೀಸರ್ ಬಿಚ್ಚಿ ತೊಳೆಯುವುದು

ಬೋರ್‌ನೀರಿಗೆ ವರ್ಷಕ್ಕೊಮ್ಮೆ, ಬಹಳ ಗಡಸಾಗಿದ್ದರೆ ಆರು ತಿಂಗಳಿಗೊಮ್ಮೆ. ನದಿ ನೀರು ಬರುವ ಮನೆಗೆ ಎರಡು ವರ್ಷಕ್ಕೊಮ್ಮೆ ಸಾಕಾಗಬಹುದು. ದಸರೆಯಿಂದ ದೀಪಾವಳಿಯ ನಡುವೆ ಮಾಡುವುದು ಲೇಸು; ಚಳಿ ಬಿದ್ದ ಮೇಲೆ ಮೆಕ್ಯಾನಿಕ್‌ಗಳು ಸಿಗುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಕಂಪನಿಯವರಿಂದಲೇ ಮಾಡಿಸಿ, ನೀವು ಬಿಚ್ಚಿದರೆ ವಾರಂಟಿ ಹೋಗಬಹುದು. ಗುಡುಗುಡು ಅಥವಾ ಚಟಚಟ ಸದ್ದು, ಬಕೆಟ್ಟಿನಲ್ಲಿ ಬಿಳಿ ಚೂರು, ನೀರು ಬೇಗ ತಣ್ಣಗಾಗುವುದು, ಇವು ಕಂಡರೆ ಕಾಯುವುದು ಬೇಡ.

ಬೇಕಾದದ್ದು: ಟೆಸ್ಟರ್, ಸ್ಕ್ರೂಡ್ರೈವರ್, ಫ್ಲ್ಯಾಂಜ್ (ಕಾಯಿಲ್ ಕೂರಿಸಿದ ಲೋಹದ ತಟ್ಟೆ) ನಟ್ಟಿಗೆ ಹೊಂದುವ ಪಾನಾ, ಎರಡು ಬಕೆಟ್, ಹಳೆಯ ಹಲ್ಲುಜ್ಜುವ ಬ್ರಷ್, ಟೆಫ್ಲಾನ್ ಟೇಪ್, ಅದೇ ಮಾದರಿಯ ಹೊಸ ಗ್ಯಾಸ್ಕೆಟ್ (ನೀರು ಸೋರದಂತೆ ತಡೆಯುವ ರಬ್ಬರ್ ಬಿಲ್ಲೆ), ಮತ್ತು ಕಿರಾಣಿಯಲ್ಲಿ ಸಿಗುವ ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆ್ಯಸಿಡ್ ಹರಳು, 250 ಗ್ರಾಂ. ಗ್ಯಾಸ್ಕೆಟ್ ಮೊದಲೇ ತಂದಿಡಿ. ಹಳೆಯದು ಬಿಚ್ಚಿದಾಗ ಸೆಟೆದುಕೊಂಡಿರುತ್ತದೆ. ಅದನ್ನೇ ಮತ್ತೆ ಹಾಕಿದರೆ ಹನಿ ಸೋರಿ ವೈರಿಂಗ್ ಮೇಲೆ ಬೀಳುತ್ತದೆ.

1. ಗೀಸರಿನ ಎಂಸಿಬಿ ಇಳಿಸಿ, ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ಮನೆಗಳಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ಕಡಿಯುವಂತೆ ಜೋಡಿಸಿರುವುದು ಸಿಗುತ್ತದೆ. ಒಳಗಿನ ನೀರು ಪೂರಾ ಆರಲು ಬಿಡಿ, ಹಿಂದಿನ ರಾತ್ರಿಯೇ ಬಂದ್ ಮಾಡಿದ್ದರೆ ಉತ್ತಮ.

2. ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಳ ತೆರೆದೇ ಇಡಿ. ಗೋಡೆಗೆ ನಿಂತ ಗೀಸರಿನ ನೀರು ಖಾಲಿಯಾಗುವುದು ಬಿಸಿನಳದಿಂದಲ್ಲ, ಕೆಳಗಿನ ತಣ್ಣೀರಿನ ಕೊಳವೆಯಿಂದ. ನೀಲಿ ಗುರುತಿನ ಆ ಜೋಡಣೆ ಸಡಿಲಿಸಿ, ಅಲ್ಲಿರುವ ಸೇಫ್ಟಿ ವಾಲ್ವ್ ಬಿಚ್ಚಿ, ಬಕೆಟ್ ಹಿಡಿಯಿರಿ. ತೆರೆದ ಬಿಸಿನಳದಿಂದ ಗಾಳಿ ಒಳಗೆ ಹೋದರಷ್ಟೇ ನೀರು ಇಳಿಯುತ್ತದೆ.

3. ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಯಾವ ವೈರು ಎಲ್ಲಿದೆ ಎಂದು ಮೊಬೈಲಿನಲ್ಲಿ ಎರಡು ಫೋಟೊ ತೆಗೆಯಿರಿ. ಟೆಸ್ಟರ್ ಹಚ್ಚಿ ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ವೈರು ಬಿಡಿಸಿ, ಥರ್ಮೋಸ್ಟ್ಯಾಟ್ ಎಳೆದು ತೆಗೆಯಿರಿ. ಅದರ ಕಡ್ಡಿ ಬಗ್ಗಬಾರದು.

4. ಫ್ಲ್ಯಾಂಜ್ ನಟ್ಟುಗಳನ್ನು ಸಡಿಲಿಸಿ ಕಾಯಿಲ್ ಹೊರತೆಗೆಯಿರಿ. ಉಳಿದ ನೀರು, ಸುಣ್ಣದ ಕೆಸರು ಒಮ್ಮೆಲೇ ಬೀಳುತ್ತದೆ. ಮುಖ ಕೆಳಗೆ ಇರಬಾರದು. ಸುಣ್ಣ ಊದಿಕೊಂಡು ಕಾಯಿಲ್ ತೂತಿನಲ್ಲಿ ಸಿಕ್ಕಿಬಿದ್ದರೆ ಎಳೆದಾಡಬೇಡಿ. ಫ್ಲ್ಯಾಂಜ್ ಮತ್ತೆ ಹಾಕಿ, ನಿಂಬೆ ಉಪ್ಪಿನ ನೀರನ್ನು ಒಳಗೆ ತುಂಬಿ ಎರಡು ತಾಸು ಬಿಟ್ಟು ಪುನಃ ಪ್ರಯತ್ನಿಸಿ.

5. ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ, ಕಾಯಿಲ್‌ನ ಲೋಹದ ಭಾಗ ಮಾತ್ರ ಮುಳುಗುವಂತೆ ನಿಲ್ಲಿಸಿ. ವೈರು ಕೂರುವ ತುದಿ ಒದ್ದೆಯಾಗಬಾರದು. ಗುಳ್ಳೆ ಬರತೊಡಗುತ್ತದೆ. ಒಂದೆರಡು ತಾಸಿನಲ್ಲಿ ಗುಳ್ಳೆ ನಿಂತರೆ ಒಂದೋ ಸುಣ್ಣ ಮುಗಿದಿದೆ, ಇಲ್ಲವೇ ಉಪ್ಪಿನ ಶಕ್ತಿ ಮುಗಿದಿದೆ. 100 ಗ್ರಾಂ ನಿಂಬೆ ಉಪ್ಪು ಕರಗಿಸಬಲ್ಲದ್ದು ಹೆಚ್ಚೆಂದರೆ 75-80 ಗ್ರಾಂ ಸುಣ್ಣ. ಪದರು ಉಳಿದಿದ್ದರೆ ಹೊಸ ನೀರು ಮಾಡಿ. ಈ ನೀರನ್ನು ಕುದಿಸಬೇಡಿ, ಬಿಸಿ ಹೆಚ್ಚಾದರೆ ಕರಗದ ಇನ್ನೊಂದು ಬಿಳಿ ಉಪ್ಪಾಗಿ ಅಲ್ಲೇ ಕೂರುತ್ತದೆ. ಬಿಳಿ ವಿನೆಗರ್ ಕೂಡ ನಡೆಯುತ್ತದೆ, ಆದರೆ ರಾತ್ರಿಯಿಡೀ ನೆನೆಸಬೇಕು.

6. ಮೆತ್ತಗಾದ ಸುಣ್ಣವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಉಳಿ, ಸುತ್ತಿಗೆ, ತಂತಿ ಬ್ರಷ್ ಬೇಡ: ಕಾಯಿಲ್‌ನ ಹೊರಕೊಳವೆ ಬಹಳ ತೆಳು, ಒಂದು ಗೀರು ಸಾಕು ನೀರು ಒಳಹೊಕ್ಕು ಕರೆಂಟ್ ಸೋರಲು.

7. ತೂತಿನೊಳಗೆ ಕೈಹಾಕಿ ಟ್ಯಾಂಕಿನ ತಳದ ಚೂರುಗಳನ್ನು ಬಾಚಿ ತೆಗೆಯಿರಿ. ತಣ್ಣೀರಿನ ವಾಲ್ವ್‌ಗೆ ಪೈಪ್ ಹಿಡಿದು ಎರಡು ಸಲ ತೊಳೆಯಿರಿ.

8. ಕಾಯಿಲನ್ನು ಒಣಗಿಸಿ ಮಲ್ಟಿಮೀಟರ್ ಹಿಡಿದರೆ 2000 ವ್ಯಾಟಿನದಕ್ಕೆ 26 ಓಮ್ ಆಸುಪಾಸು, 3000 ವ್ಯಾಟಿನದಕ್ಕೆ 17-18 ಓಮ್ ತೋರಬೇಕು. ವೈರಿನ ತುದಿಗೂ ಹೊರಕೊಳವೆಗೂ ನಡುವೆ ಏನೂ ತೋರಬಾರದು. ತೋರಿದರೆ ಆ ಕಾಯಿಲ್ ಬಿಸಾಡಿ.

9. ಹೊಸ ಗ್ಯಾಸ್ಕೆಟ್ ಇಟ್ಟು, ನಟ್ಟುಗಳನ್ನು ಸುತ್ತಾಗಿ ಬಿಗಿಯದೆ ಎದುರುಬದುರು ಜೋಡಿಯಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ನೀರು ಬಿಟ್ಟು, ಬಿಸಿನಳದಲ್ಲಿ ಗಾಳಿ ಇಲ್ಲದೆ ಒಂದೇ ಧಾರೆಯಾಗಿ ನೀರು ಬರುವವರೆಗೆ ಕಾಯಿರಿ. ಹತ್ತು ನಿಮಿಷ ಸೋರಿಕೆ ನೋಡಿ, ಆಮೇಲೆ ವೈರು ಜೋಡಿಸಿ ಕರೆಂಟ್ ಕೊಡಿ. ಖಾಲಿ ಗೀಸರಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ ಕೂಡ ಕೆಲವೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ.

ಅರ್ಧ ತಾಸಿನಲ್ಲಿ ಕೆಲಸ ಮುಗಿಸುವ ಆಸೆಗೆ ಬಚ್ಚಲು ತೊಳೆಯುವ ಆ್ಯಸಿಡ್ ಸುರಿಯುವವರಿದ್ದಾರೆ. ಸುಣ್ಣ ಕ್ಷಣದಲ್ಲಿ ಹೋಗುತ್ತದೆ ನಿಜ. ಜೊತೆಗೆ ತಾಮ್ರ ತೆಳ್ಳಗಾಗುತ್ತದೆ, ಟ್ಯಾಂಕಿನ ಒಳಲೇಪದ ಬಿರುಕಿನೊಳಗೆ ಸೇರಿ ಉಕ್ಕನ್ನು ತಿನ್ನುತ್ತದೆ, ಸ್ಟೀಲ್ ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಆರು ತಿಂಗಳ ನಂತರ ಟ್ಯಾಂಕ್ ಸೋರಿದಾಗ ಆ್ಯಸಿಡ್ಡಿನ ನೆನಪು ಯಾರಿಗೂ ಇರುವುದಿಲ್ಲ. ನಿಮ್ಮ ಮುಂದೆ ಆ ಬಾಟಲಿ ತೆರೆದರೆ ಬೇಡವೆನ್ನಿ.

ಫ್ಲ್ಯಾಂಜ್ ಬಿಚ್ಚಿದಾಗ ಆನೋಡ್ ರಾಡ್ ನೋಡದೆ ಮುಚ್ಚಬೇಡಿ. ಗಾಜಿನ ಲೇಪದ ಟ್ಯಾಂಕಿನಲ್ಲಿ ಬೆರಳು ಗಾತ್ರದ ಮೆಗ್ನೀಸಿಯಂ ಕಡ್ಡಿ ಇರುತ್ತದೆ; ನೀರಿನ ಲವಣಗಳು ಟ್ಯಾಂಕನ್ನು ತಿನ್ನುವ ಬದಲು ಅದನ್ನು ತಿನ್ನುತ್ತವೆ. ಅರ್ಧಕ್ಕಿಂತ ಸಣ್ಣದಾಗಿದ್ದರೆ, ನಡುವಿನ ಕಬ್ಬಿಣದ ತಂತಿ ಕಾಣುತ್ತಿದ್ದರೆ ಬದಲಿಸಿ. ಸವಳು ನೀರಿನಲ್ಲಿ ಒಂದೂವರೆ-ಎರಡು ವರ್ಷಕ್ಕೇ ಕರಗಿರುತ್ತದೆ. ಇಡೀ ಗೀಸರಿನಲ್ಲಿ ಅತಿ ಅಗ್ಗದ ಬಿಡಿಭಾಗಗಳಲ್ಲಿ ಇದೊಂದು, ಟ್ಯಾಂಕಿನ ಆಯುಸ್ಸು ನಿಂತಿರುವುದು ಇದರ ಮೇಲೆ; ಆದರೂ ಮಾಮೂಲಿ ಸರ್ವೀಸಿನಲ್ಲಿ ಮರೆತುಹೋಗುವುದೂ ಇದೇ.

ಬಿಚ್ಚದೆ ಮಾಡುವ ಕೆಲಸಗಳು

ಥರ್ಮೋಸ್ಟ್ಯಾಟನ್ನು 50-55ಕ್ಕೆ ಇಳಿಸಿ. ಬಕೆಟ್ಟಿನಲ್ಲಿ ಕೊನೆಗೆ ಬೆರೆಯುವುದು 41 ಡಿಗ್ರಿಯ ನೀರೇ ಆದ್ದರಿಂದ ಜಳಕಕ್ಕೆ ಹೋಗುವ ಯೂನಿಟ್ಟಿನಲ್ಲಿ ದೊಡ್ಡ ಇಳಿಕೆ ಕಾಣದು. ಲಾಭ ಸುಣ್ಣ ನಿಧಾನವಾಗುವುದರಲ್ಲಿ ಮತ್ತು ಸೋರುವ ಶಾಖ ಕಡಿಮೆಯಾಗುವುದರಲ್ಲಿದೆ. ವಾರಕ್ಕೊಮ್ಮೆ ಮಾತ್ರ 60 ದಾಟಿಸಿ, ಬೆಚ್ಚಗಿನ ನೀರಿನಲ್ಲಿ ಬೆಳೆಯುವ ರೋಗಾಣುಗಳಿಗೆ ಅದು ತಡೆ.

ಸೇಫ್ಟಿ ವಾಲ್ವ್‌ನ ಸಣ್ಣ ಹಿಡಿಯನ್ನು ತಿಂಗಳಿಗೊಮ್ಮೆ ಎತ್ತಿ ಬಿಡಿ. ನೀರು ಚಿಮ್ಮಿ ನಿಲ್ಲಬೇಕು. ಸುಣ್ಣ ಕಟ್ಟಿ ಅಲುಗಾಡದಿದ್ದರೆ ಬದಲಿಸಿ, ಥರ್ಮೋಸ್ಟ್ಯಾಟ್ ಕೆಟ್ಟ ದಿನ ಟ್ಯಾಂಕ್ ಒಡೆಯದಂತೆ ತಡೆಯುವುದು ಇದು. ಇದೇ ವಾಲ್ವ್ ಬಿಸಿನೀರು ಹಿಂದಕ್ಕೆ ಹೋಗದಂತೆಯೂ ನೋಡಿಕೊಳ್ಳುತ್ತದೆ. ಅದರೊಳಗೆ ಸುಣ್ಣದ ಚೂರು ಸಿಕ್ಕಿಕೊಂಡರೆ ಕಾದ ನೀರು ತಣ್ಣೀರಿನ ಕೊಳವೆಗೆ ನುಗ್ಗುತ್ತದೆ. ಗೀಸರ್ ಓಡುವಾಗ ತಣ್ಣೀರಿನ ಪೈಪು ಒಂದು ಮೊಳ ದೂರದಲ್ಲೂ ಬೆಚ್ಚಗಿದ್ದರೆ ಇದೇ ರೋಗ. ಮಿಕ್ಸರ್ ನಳದ ಒಳಭಾಗ ಸವೆದರೂ ಹೀಗೇ ಆಗುತ್ತದೆ.

2000 ವ್ಯಾಟ್ ಗೀಸರ್ 8.7 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್‌ನ ಸಾಕೆಟ್, 2.5 ಚದರ ಮಿಲಿಮೀಟರ್‌ಗೆ ಕಡಿಮೆ ಇಲ್ಲದ ತಾಮ್ರದ ವೈರು, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಬಳಸಿದ ಮೇಲೆ ಪ್ಲಗ್ ಮುಟ್ಟಿದರೆ ಸುಡುವಂತಿದ್ದರೆ ಒಳಗಿನ ಪತ್ತಿ ಸಡಿಲಾಗಿದೆ, ಸಾಕೆಟ್ ಬದಲಿಸಿ. ಆರ್‌ಸಿಸಿಬಿ ಪದೇಪದೇ ಬೀಳುತ್ತಿದೆ ಎಂದು ಅದನ್ನೇ ತೆಗೆಸುವುದು ಜೀವಕ್ಕೆ ಎರವಾಗುವ ಕೆಲಸ. ಕಾಯಿಲ್ ಸೀಳಿದೆ ಎಂದು ಅದು ಹೇಳುತ್ತಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಉಪಾಯ ನೀರನ್ನೇ ಬದಲಿಸುವುದು. ಕಲಬುರಗಿ ನಗರಕ್ಕೆ ಭೀಮಾ, ಬೆಣ್ಣೆತೊರಾ ನೀರು, ಬೀದರ್‌ಗೆ ಕಾರಂಜಾ ನೀರು ಬರುತ್ತದೆ. ಇವು ಸಾಮಾನ್ಯವಾಗಿ ಬೋರ್‌ನೀರಿನಷ್ಟು ಗಡಸಲ್ಲ. ಹೆಚ್ಚಿನ ಮನೆಗಳಲ್ಲಿ ಎರಡೂ ಒಂದೇ ಟ್ಯಾಂಕಿನಲ್ಲಿ ಬೆರೆಯುತ್ತವೆ. ಮೇಲೆ 300 ಲೀಟರಿನ ಚಿಕ್ಕ ಟ್ಯಾಂಕ್ ಬೇರೆ ಇಟ್ಟು, ಅದಕ್ಕೆ ನಳದ ನೀರು ಮಾತ್ರ ಏರಿಸಿ, ಗೀಸರ್ ಮತ್ತು ಸೋಲಾರಿನ ಕೊಳವೆಯನ್ನು ಅದರಿಂದ ಎಳೆಯಿರಿ. ಬಟ್ಟೆ, ಸಂಡಾಸು, ಗಿಡಕ್ಕೆ ಬೋರ್‌ನೀರು ಸಾಕು. ಬೋರ್ ಒಂದೇ ಗತಿ ಎನ್ನುವವರಿಗೆ ಉಪ್ಪು ಹಾಕಿ ಚೊಕ್ಕ ಮಾಡಿಕೊಳ್ಳುವ, ಗಡಸುತನ ತೆಗೆಯುವ ಸಾಫ್ಟ್‌ನರ್ ನಿಜವಾಗಿ ಕೆಲಸ ಮಾಡುತ್ತದೆ. ಪಾಲಿಫಾಸ್ಫೇಟ್ ಕ್ಯಾಂಡಲ್ ಸುಣ್ಣ ಕಟ್ಟುವುದನ್ನು ನಿಧಾನ ಮಾಡುತ್ತದೆ, ಕಾಲಕಾಲಕ್ಕೆ ಬದಲಿಸಬೇಕು. ಪೈಪಿನ ಮೇಲೆ ಕಟ್ಟುವ ಆಯಸ್ಕಾಂತಕ್ಕೆ ದುಡ್ಡು ಹಾಕುವುದಕ್ಕಿಂತ ವರ್ಷಕ್ಕೊಮ್ಮೆ ನಿಂಬೆ ಉಪ್ಪು ಕೊಳ್ಳುವುದು ಮೇಲು.

ಹೀಟರ್ ರಾಡ್ ಬಳಸುವವರಿಗೂ ಇದೇ ಮದ್ದು: ಬಿಳಿ ಪದರು ಕಂಡಾಗ ಪ್ಲಗ್ ಕಿತ್ತು, ಪೂರಾ ಆರಿದ ಮೇಲೆ ನಿಂಬೆ ಉಪ್ಪಿನ ನೀರಿನಲ್ಲಿ ಗುರುತಿನ ಗೆರೆಯವರೆಗೆ ಮಾತ್ರ ನೆನೆಸಿ. ಕಬ್ಬಿಣ, ಸ್ಟೀಲ್ ಬಕೆಟ್ ಬೇಡ, ಪ್ಲಗ್ ಕೀಳದೆ ನೀರಿಗೆ ಕೈ ಬೇಡ.

ಗ್ಯಾಸ್ ಗೀಸರ್

14.2 ಕೆಜಿಯ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ಟಿನಷ್ಟು ಶಾಖ ಇರುತ್ತದೆ. ಸ್ವಚ್ಛ ಗೀಸರ್ ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರಿಗೆ ಕೊಡುತ್ತದೆ. ಮಸಿ, ಸುಣ್ಣ ಎರಡೂ ಕಟ್ಟಿದಾಗ ಆ ಪಾಲು ಇಳಿಯುತ್ತ ಹೋಗುತ್ತದೆ, ಸಿಲಿಂಡರ್ ವಾರ ಮೊದಲೇ ಮುಗಿದಾಗಷ್ಟೇ ಗೊತ್ತಾಗುತ್ತದೆ.

ಜ್ವಾಲೆ ನೀಲಿ ಇರಬೇಕು. ಹಳದಿ ನಾಲಿಗೆ ಕಂಡರೆ ಬರ್ನರಿನ ಸಂದುಗಳಲ್ಲಿ ಧೂಳು, ಜೇಡರಬಲೆ ಸೇರಿ ಗಾಳಿ ಸಾಲುತ್ತಿಲ್ಲ. ಸಿಲಿಂಡರ್ ಬಂದ್ ಮಾಡಿ, ಮುಂದಿನ ಮುಚ್ಚಳ ತೆಗೆದು, ಬರ್ನರನ್ನೂ ಮೇಲಿನ ತಾಮ್ರದ ರೆಕ್ಕೆಗಳನ್ನೂ ಒಣ ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ತಣ್ಣೀರು ಒಳಬರುವಲ್ಲಿ ಚಿಕ್ಕ ಜಾಲರಿ ಇರುತ್ತದೆ. ಅದು ಮರಳಿನಿಂದ ಕಟ್ಟಿಕೊಂಡರೆ ಒತ್ತಡ ಸಾಲದೆ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ. ಹೊತ್ತದಿದ್ದರೆ ಮೊದಲು ಸೆಲ್ ಬದಲಿಸಿ, ಆಮೇಲೆ ಜಾಲರಿ ನೋಡಿ, ಮೆಕ್ಯಾನಿಕ್ ಮೂರನೆಯವನು. ಒಳಗಿನ ಸುಣ್ಣ ತೆಗೆಯಲು ಎರಡೂ ಕೊಳವೆ ಬಿಡಿಸಿ, ಒಂದು ಕಡೆಯಿಂದ ಲೀಟರಿಗೆ 50 ಗ್ರಾಂನ ನಿಂಬೆ ಉಪ್ಪಿನ ನೀರು ತುಂಬಿ ಒಂದು ತಾಸು ಬಿಟ್ಟು, ಸ್ವಚ್ಛ ನೀರು ಹಾಯಿಸಿ. ಬಿಸಿನೀರಿನ ಧಾರೆ ದಿನೇದಿನೇ ಸಣ್ಣಗಾಗುತ್ತಿದ್ದರೆ ಇದನ್ನು ತಡ ಮಾಡಬೇಡಿ.

ಬಚ್ಚಲಿನ ಒಳಗೆ ಗ್ಯಾಸ್ ಗೀಸರ್ ಇದ್ದರೆ ಉಳಿತಾಯದ ಮಾತು ಆಮೇಲೆ, ಮೊದಲು ಅದನ್ನು ಹೊರಗೋಡೆಗೆ ಸಾಗಿಸಿ. ಮುಚ್ಚಿದ ಕೋಣೆಯಲ್ಲಿ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಜಳಕಕ್ಕೆ ಹೋದವರು ಅಲ್ಲೇ ಬೀಳುತ್ತಾರೆ.

ಕಟ್ಟಿಗೆಯ ಬಂಬ

ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಕಟ್ಟಿಗೆಗೆ ಬರವಿಲ್ಲ, ಆದ್ದರಿಂದ ಹಳ್ಳಿಗಳಲ್ಲಿ ಬಂಬ ಇನ್ನೂ ಉರಿಯುತ್ತದೆ. 40 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಬೇಕಾದ ಶಾಖ ಬರೀ 1.4 ಯೂನಿಟ್, ಒಣ ಕಟ್ಟಿಗೆಯ ಒಂದು ಕೆಜಿಯಲ್ಲಿ ಸುಮಾರು 4 ಯೂನಿಟ್ ಇರುತ್ತದೆ. ಅಂದರೆ ಮೂರರಲ್ಲಿ ಎರಡು ಪಾಲು ಪೋಲಾದರೂ ಒಂದೂಕಾಲು ಕೆಜಿಯೊಳಗೆ ಮುಗಿಯಬೇಕು. ನಿಮ್ಮದು ಮೂರು ಕೆಜಿ ತಿನ್ನುತ್ತಿದ್ದರೆ ನಡುವಿನ ಹೊಗೆಕೊಳವೆಯೊಳಗೆ ಮಸಿ ಕಟ್ಟಿದೆ. ವಾರಕ್ಕೊಮ್ಮೆ ಉದ್ದ ಹಿಡಿಯ ಬ್ರಷ್ಷನ್ನೋ ಗೋಣಿ ಸುತ್ತಿದ ಕೋಲನ್ನೋ ಮೇಲಿಂದ ಕೆಳಕ್ಕೆ ಎಳೆಯಿರಿ. ಜಾಲರಿಯ ಕೆಳಗಿನ ಬೂದಿ ದಿನಾ ತೆಗೆದರೇನೇ ಗಾಳಿ ಆಡುತ್ತದೆ. ತೊಗರಿ ಕಟ್ಟಿಗೆ ಭರ್ರನೆ ಉರಿದು ಹೋಗುವಂಥದು, ಒಮ್ಮೆಗೆ ತುಂಬಿದರೆ ಉರಿ ಮೇಲಿನ ಬಾಯಿಂದ ಹೊರಬರುತ್ತದೆ. ಹಿಡಿಹಿಡಿಯಾಗಿ ಹಾಕಿ, ಕೊನೆಗೆ ಎರಡು ತುಂಡು ಜಾಲಿ ಇಡಿ. ಹಸಿ ಕಟ್ಟಿಗೆ ತನ್ನೊಳಗಿನ ನೀರನ್ನು ಕುದಿಸಲಿಕ್ಕೇ ಒಂದಿಷ್ಟು ಶಾಖ ಕಳೆಯುತ್ತದೆ. ಒಳಗಿನ ಸುಣ್ಣಕ್ಕೆ ನಿಂಬೆ ಉಪ್ಪೇ ಸಾಕು, ಕಲಾಯಿ ಮಾಡಿದ ಬಂಬವಾದರೆ ಅರ್ಧ ತಾಸಿಗಿಂತ ಹೆಚ್ಚು ಬಿಡಬೇಡಿ.

ಸೋಲಾರ್

ಇಲ್ಲಿ ಬಿಸಿಲಿಗೆ ಕೊರತೆ ಇಲ್ಲ, ಧೂಳಿಗೂ ಇಲ್ಲ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳ ಧೂಳು, ಶಹಾಬಾದಿನಲ್ಲಿ ಪರಸಿ (ನೆಲಕ್ಕೆ ಹಾಸುವ ಕಲ್ಲು) ಪಾಲಿಶ್ ಪುಡಿ. ಇದರ ಮೇಲೆ ಇಬ್ಬನಿ ಬಿದ್ದು ಒಣಗಿದರೆ ಗಾಜಿನ ಮೇಲೆ ಗಟ್ಟಿ ಪೊರೆ ಆಗುತ್ತದೆ. ಮಳೆ ಇಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸೂರ್ಯ ಹುಟ್ಟುವ ಮೊದಲು ಕೊಳವೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಸಾಧನದ ಮುಖ ದಕ್ಷಿಣಕ್ಕಿರಬೇಕು, ಇಳಿಜಾರು 30 ಡಿಗ್ರಿ ಆಸುಪಾಸು ಇದ್ದರೆ ಚಳಿಗಾಲಕ್ಕೆ ಅನುಕೂಲ. ಮೇಲೆ ಹೊಸ ಕೋಣೆಯೋ ಟ್ಯಾಂಕೋ ಬಂದು ಡಿಸೆಂಬರಿನ ಓರೆ ಬಿಸಿಲಿಗೆ ನೆರಳು ಹಾಕುತ್ತಿದೆಯೇ ಎಂದೂ ನೋಡಿ.

ಗಾಜಿನ ಕೊಳವೆಯ ಕೆಳತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಟೊಪ್ಪಿ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾದರೆ ಆ ಕೊಳವೆಯ ನಿರ್ವಾತ ಹೋಗಿದೆ. ನೀರು ಸೋರದಿದ್ದರೂ ಶಾಖ ಹಿಡಿಯದು. ಹತ್ತರಲ್ಲಿ ಎರಡು ಹಾಗಾಗಿದ್ದರೆ ಐದನೇ ಒಂದು ಪಾಲು ಬಿಸಿ ಹೋಯಿತೆಂದೇ ಲೆಕ್ಕ. ಅವುಗಳನ್ನು ಮಾತ್ರ ಬದಲಿಸಿದರೆ ಸಾಕು, ಇಡೀ ಸೆಟ್ ಬೇಕಿಲ್ಲ.

ವರ್ಷಕ್ಕೊಮ್ಮೆ ಒಳಗೂ ತೊಳೆಯಬೇಕು. ಬೆಳಗಿನ ಜಾವ ತಣ್ಣೀರು ಬಂದ್ ಮಾಡಿ, ಟ್ಯಾಂಕ್ ಖಾಲಿ ಮಾಡಿ, ರಬ್ಬರ್ ರಿಂಗಿಗೆ ಸಾಬೂನು ನೀರು ಹಚ್ಚಿ, ಕೊಳವೆಯನ್ನು ತಿರುಗಿಸುತ್ತ ಮೇಲಕ್ಕೆ ದೂಡಿ, ಕೆಳಗಿನ ಬಟ್ಟಲಿನಿಂದ ಬಿಡಿಸಿ, ಹೊರಗೆಳೆಯಿರಿ. ದೊಡ್ಡ ಕೊಳವೆಯಲ್ಲಿ ಎರಡೂವರೆ-ಮೂರು ಲೀಟರ್ ನೀರು ಇರುತ್ತದೆ, ಜಾರೀತು. ತಳದಲ್ಲಿ ಒಂದೆರಡು ಗೇಣು ಕೆಸರು ಕೂತಿದ್ದರೆ ಅಷ್ಟು ಉದ್ದ ಕೆಲಸ ಮಾಡುತ್ತಿರಲಿಲ್ಲ. ನಿಂಬೆ ಉಪ್ಪಿನ ನೀರಿನಲ್ಲಿ ಒಂದು ತಾಸು ಬಿಟ್ಟು ಉದ್ದ ಬಾಟಲಿ ಬ್ರಷ್ಷಿನಿಂದ ಉಜ್ಜಿ. ಬಿಸಿಲೇರುವ ಮೊದಲೇ ಮತ್ತೆ ನೀರು ತುಂಬಿಸಿ. ಖಾಲಿ ಕೊಳವೆ ಬಿಸಿಲಿನಲ್ಲಿ 200 ಡಿಗ್ರಿ ದಾಟುತ್ತದೆ. ಆಗ ತಣ್ಣೀರು ಬಿದ್ದರೆ ಗಾಜು ಒಡೆಯದೆ ಇರದು. ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ಕೊಳವೆ ಒಡೆಯುವುದು ಹೆಚ್ಚಾಗಿ ಹೀಗೇ: ಮಧ್ಯಾಹ್ನ ನಳ ಬಂತೆಂದು ಮೋಟಾರ್ ಹಾಕುತ್ತಾರೆ. ಟ್ಯಾಂಕ್ ಒಣಗಿದ್ದರೆ ಸೂರ್ಯ ಮುಳುಗಿ ಎರಡು ತಾಸಾದ ಮೇಲೆ ಏರಿಸಿ.

ಬಹಳ ಗಡಸು ನೀರಿಗೆ ಹೊಸದಾಗಿ ಸೋಲಾರ್ ಹಾಕಿಸುವವರು ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿ ಕೇಳಿ. ಅದರಲ್ಲಿ ಬಿಸಿಲಿಗೆ ಕಾಯುವ ನೀರು ಬೇರೆ, ಬಳಸುವ ನೀರು ಬೇರೆ. ಬ್ಯಾಕಪ್ ಕಾಯಿಲ್‌ನ ಸ್ವಿಚ್ಚನ್ನು ಸದಾ ಆಫ್ ಇಟ್ಟು ಮೋಡದ ದಿನ ಮಾತ್ರ ಹಾಕಿ, ಅದೂ ಸಂಜೆ ಬಿಸಿಲಿಳಿದ ಮೇಲೆ ಅಥವಾ ನಸುಕಿನಲ್ಲಿ.

ಮೇಲಿನಿಂದ ಬಚ್ಚಲಿಗೆ ಬರುವ ಬಿಸಿನೀರಿನ ಪೈಪಿಗೆ ಕಪ್ಪು ಫೋಮ್ ತೋಳು ತೊಡಿಸಿ, ಬಿಸಿಲು ಬೀಳುವ ಕಡೆ ಅಲ್ಯೂಮಿನಿಯಂ ಟೇಪ್ ಸುತ್ತಿ. ಇಲ್ಲದಿದ್ದರೆ ಎರಡೇ ಬೇಸಿಗೆಗೆ ಪುಡಿಯಾಗಿ ಉದುರುತ್ತದೆ. 12 ಮೀಟರಿನ ಅರ್ಧ ಇಂಚು ಪೈಪಿನಲ್ಲಿ ಎರಡು ಲೀಟರ್ ನೀರು ತಣ್ಣಗೆ ನಿಂತಿರುತ್ತದೆ, ಪ್ರತಿ ಸಲ ಅದು ಮೋರಿಗೆ ಹೋಗುತ್ತದೆ.

ಬೇಸಿಗೆ ಬಂದಾಗ

ಮಾರ್ಚ್ ನಡುವಿನಿಂದ ಮಳೆ ಹಿಡಿಯುವವರೆಗೆ ಮೇಲಿನ ಟ್ಯಾಂಕಿನ ನೀರೇ ಜಳಕಕ್ಕೆ ಸಾಕಷ್ಟು ಬೆಚ್ಚಗಿರುತ್ತದೆ. ಗೀಸರಿನ ಎಂಸಿಬಿ ಇಳಿಸಿಬಿಡಿ, ನೀರು ಮಾತ್ರ ಖಾಲಿ ಮಾಡಬೇಡಿ. ಒಣಗಿದ ಗ್ಯಾಸ್ಕೆಟ್ ಸೆಟೆದು ಮತ್ತೆ ತುಂಬಿದಾಗ ಸೋರುತ್ತದೆ. ಮಳೆಗಾಲದಲ್ಲಿ ಶುರು ಮಾಡುವಾಗ ಗೀಸರಿನ ಎರಡು ಟ್ಯಾಂಕಿನಷ್ಟು ನೀರು ಹರಿಯಬಿಟ್ಟು, ಮೊದಲ ಸಲ 60ಕ್ಕಿಂತ ಮೇಲೆ ಕಾಯಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ನಿಂತ ನೀರಿಗೆ ಮೆಗ್ನೀಸಿಯಂ ಕಡ್ಡಿ ಸೇರಿ ಹಾಗಾಗುತ್ತದೆ, ಕಾಯಿಸಿ ಹರಿಸಿದರೆ ಹೋಗುತ್ತದೆ.

ಕಾಯಿಲ್, ಥರ್ಮೋಸ್ಟ್ಯಾಟ್, ವಾಲ್ವ್ ಕೆಟ್ಟರೆ ರಿಪೇರಿ ಮಾಡಿಸಿ. ಟ್ಯಾಂಕೇ ತೂತಾಗಿದ್ದರೆ ಬೆಸುಗೆಗೆ ದುಡ್ಡು ಹಾಕಬೇಡಿ, ಒಂದು ತೂತು ಕಂಡರೆ ಒಳಗೆ ಇನ್ನಷ್ಟು ಕಾದಿರುತ್ತವೆ. ಹೊಸದು ಕೊಳ್ಳುವಾಗ ಅಂಗಡಿಯಲ್ಲಿ ಬಣ್ಣ, ಡಿಸ್‌ಪ್ಲೇ ನೋಡುವ ಮೊದಲು ಮುಚ್ಚಳ ತೆಗೆಸಿ ಮೂರು ಸಂಗತಿ ಕೇಳಿ: ಫ್ಲ್ಯಾಂಜ್ ತೂತು ಕೈ ಹೋಗುವಷ್ಟು ದೊಡ್ಡದಿದೆಯೇ, ಆನೋಡ್ ಬೇರೆಯಾಗಿ ಬಿಚ್ಚಲು ಬರುತ್ತದೆಯೇ, ಅದರ ಗ್ಯಾಸ್ಕೆಟ್ ನಿಮ್ಮ ಊರಿನಲ್ಲೇ ಸಿಗುತ್ತದೆಯೇ. ಮೂರನೆಯದಕ್ಕೆ ಉತ್ತರ ಹೈದರಾಬಾದ್ ಅಥವಾ ಸೊಲ್ಲಾಪುರ ಎಂದಾದರೆ ಗೀಸರ್ ಜೊತೆಗೇ ಎರಡು ಗ್ಯಾಸ್ಕೆಟ್ ತರಿಸಿಕೊಳ್ಳಿ.